ದೂರು: ಡ್ರೈವ್ ಕಾಣುತ್ತಿಲ್ಲ ಎಂದರೆ ರೀಸೆಟ್ ಮಾಡಿ ಎಂದ ನಿಮ್ಮ ಸಹಾಯವಾಣಿ

ಇಂದ: ನಿಮ್ಮ ಗ್ರಾಹಕಿ, ಮುಲುಂಡ್, ಮುಂಬೈ
ಗೆ: ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು, ಬೆಂಗಳೂರು

ಮಾನ್ಯರೇ,

ನಿಮ್ಮ ಸೇವಾ ಕಚೇರಿ ಬೆಂಗಳೂರಿನಲ್ಲಿದೆ, ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

2022ರಲ್ಲಿ ನಿಮ್ಮ ಎರಡು ಡಿಸ್ಕಿನ ನೆಟ್‌ವರ್ಕ್ ಡ್ರೈವ್ ಕೊಂಡೆ. ರೂಟರಿಗೆ ಜೋಡಿಸಿ, ಮನೆಯ ಎಲ್ಲ ಕಂಪ್ಯೂಟರುಗಳಿಂದಲೂ ಫೈಲು ಇಡುವ ಪೆಟ್ಟಿಗೆ ಅದು. ಕಳೆದ ತಿಂಗಳು ಅದು ನಮ್ಮ ಮನೆಯ ಯಾವ ಕಂಪ್ಯೂಟರಿಗೂ ಕಾಣದ ಹಾಗಾಯಿತು. ಡ್ರೈವ್ ಕೆಟ್ಟಿರಲಿಲ್ಲ. ಆದರೆ ನಿಮ್ಮವರ ಮಾತು ಕೇಳಿದ್ದರೆ ಅದರಲ್ಲಿದ್ದದ್ದೆಲ್ಲ ಅಳಿದು ಹೋಗುತ್ತಿತ್ತು.

ಅದರಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದಿಂದ ನಾನು ಮುಂಬೈಯ ಹಿರಿಯ ಕನ್ನಡಿಗರ ಮಾತು ರೆಕಾರ್ಡ್ ಮಾಡುತ್ತಿದ್ದೇನೆ. ಚಿಕ್ಕ ಹುಡುಗರಾಗಿದ್ದಾಗಲೇ ಊರು ಬಿಟ್ಟು ಬಂದವರು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು. ಒಟ್ಟು 64 ಜನ. ಅವರಲ್ಲಿ 19 ಮಂದಿ ಈಗ ಇಲ್ಲ. ಒಬ್ಬರು ತಾವು ಅಕ್ಷರ ಕಲಿತ ಮೇಲೆ ತಾಯಿಗೆ ಬರೆದ ಮೊದಲ ಕಾಗದವನ್ನು ಬಾಯಿಪಾಠ ಹೇಳಿದ್ದಾರೆ. ಅದನ್ನು ಇನ್ನು ಯಾರಿಂದ ಹೇಳಿಸಲಿ?

ಮೊದಲ ಸಲ ಫೋನ್ ಮಾಡಿದಾಗ ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದೆ. ಎರಡನೇ ಸಲ, "ಫ್ಯಾಕ್ಟರಿ ರೀಸೆಟ್ ಮಾಡಿ ಮೇಡಂ, ಸರಿ ಹೋಗುತ್ತೆ" ಎಂದರು. ಫೈಲುಗಳು ಹೋಗಲ್ವಾ ಅಂತ ಎರಡೆರಡು ಸಲ ಕೇಳಿದೆ. "ಎರಡು ಡಿಸ್ಕ್ ಇದೆಯಲ್ಲ, ಏನೂ ಆಗಲ್ಲ" ಎಂದರು. ನಿಮ್ಮದೇ ಕೈಪಿಡಿಯಲ್ಲಿ, ಈ ರೀಸೆಟ್ ಮಾಡಿದರೆ ಎಲ್ಲ ಫೈಲುಗಳೂ ಅಳಿಸಿ ಹೋಗುತ್ತವೆ ಎಂದು ದಪ್ಪ ಅಕ್ಷರದಲ್ಲಿದೆ. ಎರಡನೇ ಡಿಸ್ಕ್ ಇರುವುದು ಮೊದಲನೆಯದು ಕೆಟ್ಟರೆ ಇರಲಿ ಅಂತ. ಅಳಿಸಿದರೆ ಎರಡರಿಂದಲೂ ಅಳಿಯುತ್ತದೆ. ಇಷ್ಟು ಗೊತ್ತಿಲ್ಲದವರನ್ನು ಫೋನಿಗೆ ಕೂರಿಸುವುದು ಸರಿನಾ?

ಆಮೇಲೆ 1,800 ರೂಪಾಯಿ ಕಟ್ಟಿಸಿಕೊಂಡು ಒಬ್ಬ ಎಂಜಿನಿಯರ್ ಬಂದರು. ಹತ್ತು ನಿಮಿಷ ಕೂಡ ಕೂರಲಿಲ್ಲ. ಡಿಸ್ಕ್ ಹೋಗಿದೆ, ಹೊಸದು ತಗೊಳ್ಳಿ ಎಂದರು. ಡಿಸ್ಕಿನ ಎರಡೂ ದೀಪ ಹಸಿರಾಗಿಯೇ ಉರಿಯುತ್ತಿದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ಹುಡುಕಿದ್ದು ಡೊಂಬಿವಲಿಯಿಂದ ಬಂದ ನನ್ನ ತಂಗಿಯ ಮಗ. ಅವನು ಕೇಳಿದ ಮೊದಲ ಪ್ರಶ್ನೆ, "ದೊಡ್ಡಮ್ಮ, ಇತ್ತೀಚೆಗೆ ಮನೆಯಲ್ಲಿ ಏನಾದರೂ ಬದಲಾಯಿತಾ?" ಹೌದು, ಇಂಟರ್ನೆಟ್‌ನವರು ಹೊಸ ರೂಟರ್ ಹಾಕಿದ್ದರು. ನಿಮ್ಮವರು ಯಾರೂ ಇದನ್ನು ಕೇಳಲೇ ಇಲ್ಲ. ಹಳೇ ರೂಟರ್ ಇದ್ದಾಗ ನಿಮ್ಮ ಕಡೆಯವರೇ ಡ್ರೈವಿಗೆ 192.168.1.50 ಎಂಬ ಖಾಯಂ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಕೊಟ್ಟು ಹೋಗಿದ್ದರು. ಹೊಸ ರೂಟರ್ ಕಂಪ್ಯೂಟರುಗಳಿಗೆ 192.168.0ರಿಂದ ಶುರುವಾಗುವ ವಿಳಾಸ ಕೊಡುತ್ತದೆ. ಒಂದೇ ಕಟ್ಟಡದಲ್ಲಿ ಕಂಪ್ಯೂಟರ್ ಎ ವಿಂಗ್‌ನಲ್ಲಿ, ಡ್ರೈವ್ ಬಿ ವಿಂಗ್‌ನಲ್ಲಿ ಇದ್ದ ಹಾಗೆ. ಕೇಬಲ್ ಒಂದೇ ರೂಟರಿಗೆ ಚುಚ್ಚಿದ್ದರೂ ಒಂದಕ್ಕೊಂದು ಭೇಟಿಯಾಗುವುದಿಲ್ಲ.

ಅವನು ಡ್ರೈವನ್ನು ಕೇಬಲ್ ಹಾಕಿ ನೇರ ಲ್ಯಾಪ್‌ಟಾಪಿಗೆ ಜೋಡಿಸಿದ. ಲ್ಯಾಪ್‌ಟಾಪಿಗೆ ಸ್ವಲ್ಪ ಹೊತ್ತಿಗೆ ಅಂತ 192.168.1.20 ಎಂಬ ವಿಳಾಸ ಕೊಟ್ಟ. ಬ್ರೌಸರಿನಲ್ಲಿ ಡ್ರೈವಿನ ಹಳೇ ವಿಳಾಸ ಹೊಡೆದ ಕೂಡಲೇ ಅದರ ಪುಟ ತೆರೆಯಿತು. ವಿಳಾಸವನ್ನು ರೂಟರಿನಿಂದಲೇ ಪಡೆಯುವ ಹಾಗೆ ಬದಲಿಸಿ, ಮತ್ತೆ ರೂಟರಿಗೆ ಜೋಡಿಸಿ, ಲ್ಯಾಪ್‌ಟಾಪನ್ನೂ ಮೊದಲಿನಂತೆ ಮಾಡಿದ. ರೂಟರಿನಲ್ಲಿ ಡ್ರೈವಿಗೆ 192.168.0.50 ಎಂದು ಕಾಯ್ದಿರಿಸಿದ. ಅರ್ಧ ಗಂಟೆಯ ಕೆಲಸ. 64 ಜನರ ದನಿಯೂ ಹಾಗೇ ಇತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಇನ್ನೊಂದು ಮಾತು ಉಳಿದಿದೆ. ಮಗಳ ಮ್ಯಾಕ್‌ನಲ್ಲಿ ಡ್ರೈವ್ ತಾನಾಗಿ ಕಾಣಿಸಿಕೊಂಡಿತು. ನನ್ನ ವಿಂಡೋಸ್ ಲ್ಯಾಪ್‌ಟಾಪಿನ ನೆಟ್‌ವರ್ಕ್ ಪಟ್ಟಿಯಲ್ಲಿ ಆಗಲೂ ಬರಲಿಲ್ಲ. ಫೋಲ್ಡರಿನ ಮೇಲಿನ ಪಟ್ಟಿಯಲ್ಲಿ \\192.168.0.50 ಎಂದು ಹೊಡೆದರೆ ಮಾತ್ರ ತೆರೆಯಿತು. ನಿಮಗೆ ಇಮೇಲ್ ಮಾಡಿದೆ. ಎಸ್‌ಎಂಬಿ 1 ಆನ್ ಮಾಡಿ ಎಂದು ಉತ್ತರ ಬಂತು. ಅದು ನೆಟ್‌ವರ್ಕಿನಲ್ಲಿ ಫೈಲು ಹಂಚಿಕೊಳ್ಳುವ ಹಳೇ ವಿಧಾನ. ದಯವಿಟ್ಟು ಈ ಸಲಹೆ ಇನ್ನು ಯಾರಿಗೂ ಕೊಡಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ ವನ್ನಾಕ್ರೈ ದಾಳಿ ಹರಡಿದ್ದು ಅದೇ ಹಳೇ ಎಸ್‌ಎಂಬಿ 1ರ ಲೋಪದಿಂದ. ಆ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಿಂದ ಮೈಕ್ರೋಸಾಫ್ಟ್ ಅದನ್ನು ಹಂತಹಂತವಾಗಿ ತೆಗೆಯತೊಡಗಿತು. ಕಳ್ಳ ನುಗ್ಗಿದ ಬಾಗಿಲನ್ನೇ ಮತ್ತೆ ತೆರೆದಿಡಿ ಎಂದ ಹಾಗಾಯಿತು, ಅಲ್ವಾ? ಡ್ರೈವಿನ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಒಳಗಿನ ತಂತ್ರಾಂಶ, ಅಪ್‌ಡೇಟ್ ಮಾಡಿದ ಮೇಲೆ ಅದು ಪಟ್ಟಿಯಲ್ಲೂ ಬಂತು. ಆ ಅಪ್‌ಡೇಟ್ ನಿಮ್ಮದೇ ಜಾಲತಾಣದಲ್ಲಿತ್ತು.

ಎಲ್ಲದಕ್ಕೂ ಬೇರೆ ಪ್ರತಿ ಇಡದೇ ಇದ್ದದ್ದು ನನ್ನ ತಪ್ಪು. ಈಗ ಹೊರಗಿನ ಹಾರ್ಡ್ ಡಿಸ್ಕಿಗೆ ಪೂರ್ತಿ ಕಾಪಿ ಮಾಡಿ ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ.

ನಿಮ್ಮಿಂದ ಕೇಳುವುದು ಇಷ್ಟು. ಆ 1,800 ರೂಪಾಯಿ ವಾಪಸ್ ಕೊಡಿ. ಡ್ರೈವ್ ಕಾಣುತ್ತಿಲ್ಲ ಎಂದು ಯಾರೇ ಫೋನ್ ಮಾಡಲಿ, ರೂಟರ್ ಬದಲಾಯಿತಾ, ಡ್ರೈವಿನ ವಿಳಾಸ ಏನು ಎಂದು ಮೊದಲು ಕೇಳಲು ನಿಮ್ಮವರಿಗೆ ಕಲಿಸಿ. ಫೈಲುಗಳು ಅಳಿಯುತ್ತವೆ ಎಂದು ಬಾಯಿ ಬಿಟ್ಟು ಹೇಳದೆ ರೀಸೆಟ್ ಮಾಡಿಸಬೇಡಿ. ಹೀಗೆ ಮಾಡುತ್ತೇವೆ ಎಂದು ನನಗೆ ಬರೆದು ತಿಳಿಸಿ. ಹದಿನೈದು ದಿನ ಕಾಯುತ್ತೇನೆ. ಉತ್ತರ ಬಾರದಿದ್ದರೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡುತ್ತೇನೆ.

ಬಿಲ್ಲು, ಇಮೇಲ್‌ಗಳ ಪ್ರತಿ, ಎಂಜಿನಿಯರ್ ಕೊಟ್ಟ ರಸೀದಿ ಜೊತೆಗಿಟ್ಟಿದ್ದೇನೆ.

ವಂದನೆಗಳೊಂದಿಗೆ,
ನಿಮ್ಮ ಗ್ರಾಹಕಿ