ಭಾನುವಾರ ಪಾರ್ಕ್ ಮೂಲೆಯಲ್ಲಿ ಚಪ್ಪರ

ಎಲ್ಲರಿಗೂ ನಮಸ್ಕಾರ. ಪಾರ್ಕ್ ಪಕ್ಕದ ಖಾಲಿ ಮೂಲೆ ಸುಮ್ನೆ ಪಾಳು ಬಿದ್ದಿದೆ ಅಲ್ವಾ, ಭಾನುವಾರ ಬೆಳಿಗ್ಗೆ 7ಕ್ಕೆ ಅಲ್ಲಿ ಸೇರೋಣ. ಪಾಲಿಕೆ ಒಪ್ಪಿದೆ, ಆದರೆ ನೆಲ ಅಗೆಯುವಂತಿಲ್ಲ. ಹಾಗಾಗಿ ಮರಳು ತುಂಬಿದ ಎಣ್ಣೆ ಡಬ್ಬಗಳಲ್ಲಿ ಬಿದಿರು ನಿಲ್ಲಿಸಿ, ಮೇಲೆ ಹೆಣೆದ ತೆಂಗಿನ ಗರಿ ಹೊದಿಸುತ್ತೇವೆ. ಗಾಳಿಗೆ ಚಪ್ಪರ ಮೇಲೇಳುತ್ತದೆ, ಆದ್ದರಿಂದ ನಾಲ್ಕೂ ಮೂಲೆಗೆ ಹಗ್ಗ ಬಿಗಿದು ಮರಳು ಚೀಲಕ್ಕೆ ಕಟ್ಟಲೇಬೇಕು. ಕೂರಲು ಚಕ್ರ ಹಾಕಿದ ಎರಡು ಬೆಂಚು ರೆಡಿ ಇವೆ.

ಹೋದ ತಿಂಗಳು ಅಲ್ಲಿ ಒಂದು ದಿನ ಶಾಮಿಯಾನ ಇತ್ತು. ಇಬ್ಬರು ಅಜ್ಜಿಯರು ಸಂಜೆವರೆಗೂ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಮಾರನೇ ದಿನ ನೆರಳಿಲ್ಲ, ಅವರೂ ಬರಲಿಲ್ಲ. ನನಗೆ ಅದೇ ಮನಸ್ಸಿನಲ್ಲಿ ಉಳಿದಿದೆ.

ಹೀಗೆ ಬೇಕಾದಾಗ ಕಟ್ಟಿ ಬಿಚ್ಚುವುದು ನಮ್ಮ ತುಮಕೂರಿಗೆ ಹೊಸದಲ್ಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ಊರೂರಲ್ಲಿ ರಂಗಮಂದಿರ ಎಬ್ಬಿಸಿ, ಬಿಚ್ಚಿಕೊಂಡು ಮುಂದಿನ ಊರಿಗೆ ಹೋಗುತ್ತಿತ್ತು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲವರು ಒಂದು ಕಾರು ನಿಲ್ಲುವ ಜಾಗಕ್ಕೆ ಪಾರ್ಕಿಂಗ್ ಮೀಟರಿಗೆ ದುಡ್ಡು ಹಾಕಿ, ಹುಲ್ಲು ಹಾಸಿ, ಬೆಂಚು, ಗಿಡ ಇಟ್ಟು ಎರಡು ಗಂಟೆ ಅದನ್ನೇ ಪುಟ್ಟ ಉದ್ಯಾನ ಮಾಡಿದ್ದರು. ನಮ್ಮ ಜಾಗ ಅದಕ್ಕಿಂತ ಜಾಸ್ತಿ ದೊಡ್ಡದು.

ಹಗ್ಗ, ಮಚ್ಚು, ಪೊರಕೆ ಇದ್ದವರು ತನ್ನಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ, ತಿಂಡಿಗೆ ಲೆಕ್ಕ ಬೇಕು.