30 ಸೆಕೆಂಡ್ ದಾಟಿ ಕೇಳು, ಅಭಿ

ಮಂಡ್ಯ
ಭಾನುವಾರ ಸಾಯಂಕಾಲ

ಪ್ರೀತಿಯ ಅಭಿ,

ಹೇಗಿದ್ದೀಯಪ್ಪಾ? ಓದು ಹೇಗೆ ನಡೀತಿದೆ? ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮತ್ತೆಗೆ ಮಂಡಿನೋವು ಸ್ವಲ್ಪ ಕಮ್ಮಿಯಾಗಿದೆ.

ಗೌರಿ ಹಬ್ಬಕ್ಕೆ ಬಂದಿದ್ದಾಗ ಎಲೆ ಮುಂದೆ ಕೂತು ನೀನು ಒಂದು ಮಾತು ಹೇಳಿದೆ. "ಈಗ ಒಳ್ಳೆ ಬ್ಯಾಂಡೇ ಇಲ್ಲ ಮಾವ, ಎಲ್ಲಾ ಒಂದೇ ಥರ." ಮನೆ ತುಂಬ ಜನ ಇದ್ದರು, ನಾನು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ಸುಮ್ಮನಾದೆ. ಮನಸ್ಸು ಮಾತ್ರ ಸುಮ್ಮನಾಗಲಿಲ್ಲ. ಅಂಗಡಿಯಲ್ಲಿ ಪಂಪ್‌ಸೆಟ್ ಮೋಟರ್‌ಗೆ ತಂತಿ ಸುತ್ತುವಾಗಲೂ ಅದೇ ತಲೆಯಲ್ಲಿ. ಫೋನಿನಲ್ಲಿ ಹೇಳಿದರೆ "ಆಯ್ತು ಮಾವ, ಆಯ್ತು ಮಾವ" ಅಂದುಬಿಡುತ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಒಳ್ಳೆ ಬ್ಯಾಂಡ್‌ಗಳು ಬೇಕಾದಷ್ಟು ಇವೆ ಕಣೋ. ಫೋನು ಕೊಟ್ಟಿದ್ದನ್ನು ಮಾತ್ರ ನೀನು ಕೇಳುತ್ತೀಯ. ಆವತ್ತು ನಾನು ನೋಡ್ತಾನೇ ಇದ್ದೆ, ಒಂದು ಹಾಡು ಶುರುವಾಗಿ ಇನ್ನೂ ಹಾಡುವವನು ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲಿ ಬೆರಳಿಂದ ತಳ್ಳಿಬಿಟ್ಟೆ. ಮುಂದಿನದಕ್ಕೂ ಅದೇ ಗತಿ. ನನಗೆ ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು. ಯಾಕೆ ಅಂತ ನಿನಗೆ ಗೊತ್ತಿಲ್ಲ, ನಾವು ಯಾರೂ ನಿನಗೆ ಹೇಳಿಲ್ಲ.

ನಾನು ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ಬಾರಿಸ್ತಿದ್ದೆ ಅನ್ನೋದು ನಿನಗೆ ಗೊತ್ತು. ಗಣಪತಿ ಹಬ್ಬ, ರಾಜ್ಯೋತ್ಸವ, ಊರಹಬ್ಬ, ಮದ್ದೂರಿಂದ ನಾಗಮಂಗಲದವರೆಗೆ ಟೆಂಪೋದಲ್ಲಿ ಮೈಕ್‌ಸೆಟ್ ಜೊತೆ ಮಲಗಿಕೊಂಡು ಓಡಾಡಿದ್ದೇವೆ. ಜನ ಕೇಳಿದ್ದು ಸಿನಿಮಾ ಹಾಡು, ನಾವು ಬಾರಿಸಿದ್ದೂ ಅದೇ. ಅದರ ಜೊತೆಗೆ ನಮ್ಮದೇ ಹಾಡುಗಳೂ ಇದ್ದವು. ಎಂಟು ಹಾಡು. ನಾವು ಐದು ಜನ, ನಾಲೆ ಏರಿ ಮೇಲೆ ಕೂತು ಬರೆದು, ರಾಗ ಕೂಡಿಸಿದ್ದು. 1994ರಲ್ಲಿ ಕೈಸಾಲ ಮಾಡಿ ಬೆಂಗಳೂರಿಗೆ ಹೋಗಿ ರೆಕಾರ್ಡ್ ಮಾಡಿಸಿ 500 ಕ್ಯಾಸೆಟ್ ತಂದೆವು. ಅಂಗಡಿಯವರು "ಸಿನಿಮಾದ್ದಾ?" ಅಂತ ಕೇಳೋರು. ಅಲ್ಲ ಅಂದರೆ ಒಂದು ಸಲ ಹಾಕಿ ಕೂಡ ನೋಡದೆ ವಾಪಸ್ ಕೊಡೋರು. 400ಕ್ಕಿಂತ ಜಾಸ್ತಿ ಕ್ಯಾಸೆಟ್ ಎರಡು ಗೋಣಿಚೀಲದಲ್ಲಿ ಅಟ್ಟದ ಮೇಲೆ ಉಳಿದವು.

ಮೂರು ವರ್ಷ ಆದಮೇಲೆ, ಭತ್ತ ಹಾಲುಗಟ್ಟೋ ಹೊತ್ತಿಗೆ ಗುಬ್ಬಿ ಕಾಟ ಜಾಸ್ತಿಯಾಯಿತು. ನಿಮ್ಮ ತಾತ ಆ ಚೀಲ ಇಳಿಸಿ, ಕ್ಯಾಸೆಟ್ ಒಡೆದು, ಒಳಗಿನ ಟೇಪು ಎಳೆದು, ಗದ್ದೆಗೆ ಅಡ್ಡಡ್ಡ ಕಟ್ಟಿದರು. ಅವರದು ತಪ್ಪು ಅಂತ ನಾನು ಆವತ್ತೂ ಅಂದಿಲ್ಲ, ಇವತ್ತೂ ಅನ್ನಲ್ಲ. ಬೆಳೆ ಉಳೀಬೇಕಿತ್ತು. ಬೆಳಗ್ಗೆ ಬಿಸಿಲಿಗೆ ಆ ಟೇಪು ಪಳಪಳ ಹೊಳೆಯೋದು, ಗಾಳಿ ಬಂದರೆ ಗುಂಯ್ ಅನ್ನೋದು. ನಾನು ಬದುವಿನ ಮೇಲೆ ನಿಂತು ಅದನ್ನೇ ಕೇಳುತ್ತಿದ್ದೆ. ನಮ್ಮ ಎಂಟು ಹಾಡೂ ಅಲ್ಲೇ ತಲೆ ಮೇಲೆ ಇದ್ದವು. ಕೇಳಿದ್ದು ಗುಬ್ಬಿಗಳು ಮಾತ್ರ. ಆ ವರ್ಷವೇ ನಮ್ಮ ತಂಡ ಒಡೆಯಿತು. ಜಗಳ ಏನೂ ಆಗಲಿಲ್ಲ, ಒಬ್ಬೊಬ್ಬರೇ ಬರೋದು ನಿಲ್ಲಿಸಿದರು, ಅಷ್ಟೇ.

ಅದಕ್ಕೇ ಹೇಳ್ತೀನಿ. ಆ ಬೆರಳಿಗೆ ಒಂಚೂರು ಲಗಾಮು ಹಾಕು. ನೀವು ಹಾಡು ಕೇಳೋ ಆ ಸ್ಪಾಟಿಫೈ ಆ್ಯಪ್‌ನಲ್ಲಿ ಒಂದು ಹಾಡನ್ನು 30 ಸೆಕೆಂಡ್ ಆದರೂ ಕೇಳಿದರೇನೇ ಅದು ಲೆಕ್ಕಕ್ಕೆ ಬರೋದಂತೆ. 2024ರಿಂದ ಇನ್ನೊಂದು ನಿಯಮ ತಂದಿದ್ದಾರೆ, ಹಿಂದಿನ 12 ತಿಂಗಳಲ್ಲಿ 1,000 ಸಲ ಓಡದ ಹಾಡಿಗೆ ದುಡ್ಡೇ ಇಲ್ಲ. ದೊಡ್ಡವರಿಗೆ ಇದು ಗೊತ್ತೂ ಆಗಲ್ಲ. ಸಣ್ಣ ತಂಡಕ್ಕೆ ಮಾತ್ರ ನೀನು 20ನೇ ಸೆಕೆಂಡಿಗೆ ತಳ್ಳಿದ್ದು ನೇರ ಹೊಟ್ಟೆ ಮೇಲೆ ಹೊಡೆದ ಹಾಗೆ. ನೀನು, ನಿನ್ನ ರೂಮಿನ ಹುಡುಗರು, ಹತ್ತು ಜನ ದಿನಾ ಒಂದು ಸಲ ಪೂರ್ತಿ ಕೇಳಿದರೆ ನೂರು ದಿನಕ್ಕೆ 1,000 ಆಯಿತಲ್ವಾ? ಲೆಕ್ಕ ನಿನಗೆ ನನಗಿಂತ ಚೆನ್ನಾಗಿ ಬರುತ್ತೆ.

ಯಾರನ್ನು ಕೇಳಲಿ ಅಂತೀಯಾ? ಬೆಂಗಳೂರಿನ ಸ್ವರಾತ್ಮ ಅನ್ನೋ ತಂಡದಿಂದ ಶುರು ಮಾಡು. ನಿನ್ನ ಗೆಳೆಯರಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು ಕೇಳಿ ನೋಡು. 2009ರಲ್ಲಿ ಮೊದಲ ಆಲ್ಬಂ ಬಂತು, ಅದರಲ್ಲಿ 'ಈ ಭೂಮಿ' ಅನ್ನೋ ಕನ್ನಡ ಹಾಡಿದೆ. 'ಪ್ಯಾಸಿ' ಅಂತ ಇನ್ನೊಂದು, ಹಿಂದಿಯದು. ಬಾಯಾರಿದವಳು ಅಂತ ಅರ್ಥ. ಕಾವೇರಿ ನೀರಿನ ಜಗಳದಿಂದ ಹುಟ್ಟಿದ ಹಾಡು ಅದು. ಹೆದ್ದಾರಿಯಲ್ಲಿ ಕೂತು ರಸ್ತೆ ತಡೆ ಮಾಡಿದ ಮಂಡ್ಯದವನು ನಾನು, ನೀರು ನಮಗೆ ಬೇಕು ಅಂತ ಕೂಗಿದ್ದೇನೆ. ನದಿಗೇ ಬಾಯಾರಿಕೆ ಆಗಬಹುದು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಒಂದು ಹಾಡು ಕೇಳಿ ಯೋಚಿಸಿದೆ.

ಥರ್ಮಲ್ ಅಂಡ್ ಎ ಕ್ವಾರ್ಟರ್ ಅಂತ ಬೆಂಗಳೂರಿನ ಇನ್ನೊಂದು ತಂಡ. 1996ರಿಂದ ಬಾರಿಸ್ತಾ ಇದ್ದಾರೆ, 2020ರಲ್ಲೂ ಹೊಸ ಆಲ್ಬಂ ತಂದರು. ಹಾಡು ಇಂಗ್ಲಿಷಿನದು, ನನಗೆ ಅರ್ಧ ಅರ್ಥ ಆಗಲ್ಲ. ಆದರೆ ಆ ಡ್ರಮ್ಮು, ಆ ಗಿಟಾರು ಒಂದಕ್ಕೊಂದು ಮಾತಾಡಿಕೊಳ್ಳೋದು ಬಾರಿಸಿದವನಿಗೆ ಅರ್ಥ ಆಗುತ್ತೆ.

ಇನ್ನು ನಿನಗೆ ಹೊರದೇಶದ್ದು ಇಷ್ಟ ಅಲ್ವಾ, ಹಾಗಾದರೆ 'ಡೆತ್' ಅನ್ನೋ ಬ್ಯಾಂಡ್ ಹುಡುಕು. ಹೆಸರು ನೋಡಿ ನಿಮ್ಮಮ್ಮ ಬೈಯಬಹುದು, ಪರವಾಗಿಲ್ಲ. ಅಮೆರಿಕದ ಡೆಟ್ರಾಯಿಟ್‌ನ ಮೂರು ಜನ ಅಣ್ಣತಮ್ಮಂದಿರು, ಡೇವಿಡ್, ಬಾಬಿ, ಡ್ಯಾನಿಸ್ ಹ್ಯಾಕ್ನಿ ಅಂತ. ಕಪ್ಪು ಜನ. ಆ ಊರಿನಲ್ಲಿ ಕಪ್ಪು ಹುಡುಗರು ಅಂದರೆ ಸೋಲ್ ಸಂಗೀತ ಬಾರಿಸಬೇಕು ಅಂತ ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ ಇವರು ರಾಕ್ ಹಿಡಿದರು, ಅದೂ ಎಂಥ ವೇಗದ್ದು, ಅಂಥ ವೇಗದ ರಾಕ್‌ಗೆ ಪಂಕ್ ಅನ್ನೋ ಹೆಸರು ಊರೆಲ್ಲ ಹಬ್ಬೋ ಮೊದಲೇ. 1975ರಲ್ಲಿ ರೆಕಾರ್ಡ್ ಮಾಡಿದರು. ದೊಡ್ಡ ಕಂಪನಿಯವರು ಬಂದು, ಹಾಡು ಚೆನ್ನಾಗಿದೆ, ಹೆಸರು ಮಾತ್ರ ಬದಲಾಯಿಸಿ ಅಂದರು. ಡೇವಿಡ್ ಒಪ್ಪಲಿಲ್ಲ. ಅವರಪ್ಪ ಅಪಘಾತದಲ್ಲಿ ತೀರಿಕೊಂಡಿದ್ದರು, ಆ ಸಾವಿನಿಂದಲೇ ಏನೋ ಒಳ್ಳೇದು ಹುಟ್ಟಲಿ ಅಂತ ಇಟ್ಟ ಹೆಸರು ಅದು. ಕಂಪನಿ ಕೈಬಿಟ್ಟಿತು. 1976ರಲ್ಲಿ ಅವರೇ ದುಡ್ಡು ಹಾಕಿ ಎರಡು ಹಾಡಿನ ರೆಕಾರ್ಡ್ ಮಾಡಿಸಿದರು. ಎಷ್ಟು ಪ್ರತಿ ಗೊತ್ತಾ? 500. ಇದನ್ನು ಮೊದಲ ಸಲ ಓದಿದಾಗ ನಾನು ಚಾ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ.

ಅವರ ಟೇಪು ಗದ್ದೆಗೆ ಹೋಗಲಿಲ್ಲ. ಡೇವಿಡ್ ಅದನ್ನು ತಮ್ಮನ ಕೈಗೆ ಕೊಟ್ಟು, ಒಂದು ದಿನ ಜನ ಇದನ್ನು ಹುಡುಕಿಕೊಂಡು ಬರುತ್ತಾರೆ, ಜೋಪಾನವಾಗಿಡು ಅಂದನಂತೆ. 2000ದಲ್ಲಿ ಅವನು ಕ್ಯಾನ್ಸರ್‌ನಿಂದ ತೀರಿಕೊಂಡ. ಆಲ್ಬಂ ಹೊರಗೆ ಬಂದಿದ್ದು 2009ರಲ್ಲಿ. ಜನ ಹುಡುಕಿಕೊಂಡು ಬಂದರು, ಆದರೆ ಅವನೇ ಇರಲಿಲ್ಲ. ಅಭಿ, ನಾವು ಕೇಳೋರು ತಡಮಾಡಿದರೆ ಹೀಗಾಗುತ್ತೆ.

ನಮ್ಮೂರಲ್ಲಿ ಇಂಥದ್ದಕ್ಕೆಲ್ಲ ಬೆಲೆ ಕೊಡೋರು ಎಲ್ಲಿದ್ದಾರೆ ಅನ್ನಬೇಡ. ನೀನಿರೋ ಮೈಸೂರಿನ ಜಯಚಾಮರಾಜ ಒಡೆಯರ್ ಇದ್ದರಲ್ಲ, ಅವರಿಗೆ ನಿಕೊಲಾಯ್ ಮೆಟ್ನರ್ ಅನ್ನೋ ರಷ್ಯಾದ ಸಂಗೀತಗಾರನ ಮೇಲೆ ಪ್ರಾಣ. ಆ ಮನುಷ್ಯ ಊರು ಬಿಟ್ಟು ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಹೆಚ್ಚು ಜನ ಮಾತಾಡಿಸದೆ ಬದುಕುತ್ತಿದ್ದ. ಒಡೆಯರ್ 1940ರ ದಶಕದ ಕೊನೆಯಲ್ಲಿ ದುಡ್ಡು ಕೊಟ್ಟು ಅವನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿಸಿದರು. 1951ರಲ್ಲಿ ಅವನು ಹೋಗಿಬಿಟ್ಟ. ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾನೆ. ಮಹಾರಾಜರು ಮಾಡಿದ್ದು ಅವರ ಶಕ್ತಿಗೆ ತಕ್ಕ ಹಾಗೆ. ನಿನಗೆ 200 ರೂಪಾಯಿ ಟಿಕೆಟ್ಟಿನ ಶಕ್ತಿ ಇದೆ, ಅದನ್ನು ಮಾಡು.

ಅರಮನೆ ಅಂದಮೇಲೆ ನೆನಪಾಯಿತು. ದಸರೆಯಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಇರುತ್ತಲ್ಲ, ಅದನ್ನು ಫೋಟೋ ತೆಗೆದು ಮುಂದೆ ಹೋಗಬೇಡ. ಯೂನಿಫಾರ್ಮ್ ಹಾಕಿಕೊಂಡು ಕರ್ನಾಟಕ ಸಂಗೀತದ ಕೃತಿ ನುಡಿಸೋ ತಂಡ ಅದರಲ್ಲೇ ಬೇರೆ ಇದೆ. ಕಾಲು ಗಂಟೆ ನಿಂತು ಕೇಳು.

ಇಷ್ಟೆಲ್ಲ ಹೇಳಿದ್ದೇ ಮುಂದಿನದನ್ನು ಹೇಳೋಕೆ. ನನ್ನ ಪ್ರಕಾರ ನಮ್ಮ ಕಡೆಯ ಅತಿ ದೊಡ್ಡ ಬ್ಯಾಂಡು, ನೀನು ಬ್ಯಾಂಡು ಅಂತ ಒಪ್ಪದೇ ಇರೋ ಬ್ಯಾಂಡು, ನಮ್ಮ ತಂಬೂರಿಯವರು. ನೀಲಗಾರರು ಅಂತಾರಲ್ಲ, ಮಂಟೇಸ್ವಾಮಿ ಕತೆ ಹಾಡೋರು. ಮೂರು ನಾಲ್ಕು ಜನ, ಅಷ್ಟೇ. ಹೋದ ವರ್ಷ ಮಳವಳ್ಳಿ ಕಡೆ ಒಂದು ಮನೆಯಲ್ಲಿ ಹಾಡಿಸಿದ್ದರು, ನಾನು ತೀರ ಹತ್ತಿರ, ಎರಡಡಿ ದೂರದಲ್ಲಿ ಕೂತಿದ್ದೆ. ಮುಮ್ಮೇಳದ ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ತಂಬೂರಿ ಹೆಗಲಿಗೆ ಒರಗಿದೆ, ಒಂದು ಕೈ ತಂತಿ ಮೀಟುತ್ತಿದೆ, ಇನ್ನೊಂದು ಕೈಯಲ್ಲಿ ಗಗ್ಗರ. ಬಳೆ ಥರದ ಲೋಹದ ಪೊಳ್ಳು ಸಾಮಾನು, ಒಳಗೆ ಗುಂಡು. ಅದನ್ನು ಅವರು ಬೆರಳಲ್ಲೇ ತಿರುಗಿಸ್ತಾರೆ, ಮಣಿಕಟ್ಟು ಅಲ್ಲಾಡೋದೇ ಕಾಣಲ್ಲ. ಹಿಂದೆ ಒಬ್ಬನ ಕೈಯಲ್ಲಿ ದಮ್ಮಡಿ ಅನ್ನೋ ಚರ್ಮವಾದ್ಯ, ಇಬ್ಬರ ಕೈಯಲ್ಲಿ ತಾಳ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿಗೆ ಹೋಗಿ ಅಲ್ಲಿನ ಕಬ್ಬಿಣದ ಕೆಲಸದ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳೋ ಸಾಲು ಬಂತು. ಅಲ್ಲಿವರೆಗೆ ಮಳೆ ಥರ ಸುರೀತಿದ್ದ ಗಗ್ಗರ ಇದ್ದಕ್ಕಿದ್ದಂತೆ ನಿಂತಿತು. ತಂಬೂರಿ ಒಂದೇ. ಆಮೇಲೆ ಬರೀ ಮಾತು. ಆಮೇಲೆ ಹಿಮ್ಮೇಳದವರು "ಸಿದ್ದಯ್ಯಾ" ಅಂತ ಎತ್ತಿಕೊಂಡಾಗ ಗಗ್ಗರ ವಾಪಸ್ ಬಂತು ನೋಡು, ನನ್ನ ಮೈ ಮೇಲಿನ ಕೂದಲು ನಿಂತುಕೊಂಡಿತು. ಇಪ್ಪತ್ತು ವರ್ಷ ತಾಳ ಬಾರಿಸಿದವನು ನಾನು. ಎಲ್ಲಿ ನಿಲ್ಲಿಸಬೇಕು ಅಂತ ಅವರಿಗೆ ಗೊತ್ತಿದ್ದಷ್ಟು ನನಗೆ ಯಾವತ್ತೂ ಗೊತ್ತಿರಲಿಲ್ಲ.

ರಾತ್ರಿ ಹತ್ತಕ್ಕೆ ಶುರುವಾದಾಗ ನಲವತ್ತು ಜನ ಇದ್ದೆವು. ಎರಡು ಗಂಟೆಗೆ ಎಂಟೇ ಜನ. ಅವರೇನು ಕಮ್ಮಿ ಹಾಡಲಿಲ್ಲ.

ಕೇಳೋದು ಹೇಗೆ ಅಂತ ನಿನಗೆ ಪಾಠ ಮಾಡಲ್ಲ, ಒಂದೆರಡು ಮಾತು ಹೇಳ್ತೀನಿ. ಕಾರ್ಯಕ್ರಮಕ್ಕೆ ಹೋದರೆ ಮೊದಲನೇ ತಂಡಕ್ಕೇ ಹೋಗು, ದೊಡ್ಡವರು ಬರೋ ಹೊತ್ತಿಗೆ ಹೋಗಬೇಡ. ಖಾಲಿ ಕುರ್ಚಿಗಳಿಗೆ ಬಾರಿಸೋದು ಹೇಗಿರುತ್ತೆ ಅಂತ ನನಗೆ ಗೊತ್ತು, ಕೈ ಭಾರ ಆಗುತ್ತೆ. ನಡುವೆ "ಸಿನಿಮಾದ್ದು ಹಾಕಿ" ಅಂತ ಚೀಟಿ ಕಳಿಸಬೇಡ. ಮುಗಿದ ಮೇಲೆ ಹತ್ತಿರ ಹೋಗಿ "ಆ ಎರಡನೇ ಹಾಡಲ್ಲಿ ಹೀಗೆ ಮಾಡಿದ್ರಲ್ಲ, ಅದು ಇಷ್ಟ ಆಯ್ತು" ಅನ್ನು. ಬರೀ ಸೂಪರ್ ಅಂದರೆ ಮರೆತುಹೋಗುತ್ತೆ. 1995ರಲ್ಲಿ ಪಾಂಡವಪುರದಲ್ಲಿ ಒಬ್ಬ ಹೆಣ್ಣುಮಗಳು ನಮ್ಮ ಹಾಡಿನ ಒಂದು ಸಾಲು ಹೇಳಿ, ಇದನ್ನು ಬರೆದೋರು ಯಾರು ಅಂತ ಕೇಳಿದ್ದಳು. ನಾವು ಐದೂ ಜನ ಇವತ್ತಿಗೂ ಸಿಕ್ಕಾಗ ಅದನ್ನು ಮಾತಾಡುತ್ತೇವೆ. ದುಡ್ಡು ಕೊಟ್ಟು ಹಾಡು ಕೊಳ್ಳೋ ಹಾಗಿದ್ದರೆ ಬ್ಯಾಂಡ್‌ಕ್ಯಾಂಪ್ ಅಂತ ಒಂದಿದೆಯಂತೆ, ಅಲ್ಲಿ ಕೊಟ್ಟಿದ್ದರಲ್ಲಿ ಹೆಚ್ಚಿನ ಪಾಲು ತಂಡಕ್ಕೇ ಹೋಗುತ್ತೆ. ತಿಂಗಳಿಗೆ ಒಂದು ತಗೊ, ಸಾಕು. ಕಡಿಮೆ ಬಿದ್ದರೆ ನಾನು ಕಳಿಸ್ತೀನಿ, ನಿಮ್ಮಪ್ಪನ ಹತ್ತಿರ ಕೇಳಬೇಡ.

ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ. ಈ ಸಲ ನಾನು ಹೊರಟಿದ್ದೇನೆ, ನೀನೂ ಬಾ. ಬಿದಿರಲ್ಲಿ ಕಟ್ಟಿದ ಚಂದ್ರಮಂಡಲ ಹೊತ್ತಿಸೋದನ್ನು ನೋಡಿಕೊಂಡು, ಸಿದ್ದಪ್ಪಾಜಿ ಗದ್ದುಗೆ ಹತ್ತಿರ ಎಲ್ಲಿ ತಂಬೂರಿ ಸದ್ದು ಬರುತ್ತೋ ಅಲ್ಲಿ ಕೂರೋಣ. ಚಳಿ ಜಾಸ್ತಿ, ಕಂಬಳಿ ನಾನು ತರ್ತೀನಿ.

ಅದಕ್ಕೂ ಮೊದಲು ಒಂದು ಕೆಲಸ ಮಾಡು. ಮೈಸೂರಿನಲ್ಲಿ ಹಳೇ ಟೇಪ್ ರೆಕಾರ್ಡರ್ ರಿಪೇರಿ ಮಾಡೋರು ಇನ್ನೂ ಯಾರಾದರೂ ಇದ್ದರೆ ಹುಡುಕಿ ಒಂದು ಬೆಲ್ಟ್ ತಗೊಂಡು ಬಾ. ನನ್ನದರದ್ದು ಸಡಿಲವಾಗಿ ಹಾಡು ಎಳೆಯುತ್ತಿದೆ. ಆ 500ರಲ್ಲಿ ಮೂರು ಕ್ಯಾಸೆಟ್ ನಾನು ತೆಗೆದಿಟ್ಟಿದ್ದೆ. ಎರಡನೇ ಸೈಡಿನ ಮೂರನೇ ಹಾಡಿನಲ್ಲಿ ಹಿಂದೆ ಒಂದು ಹೆಣ್ಣು ದನಿ ಬರುತ್ತೆ, ಅದು ನಿಮ್ಮಮ್ಮನದು. ಆಗಿನ್ನೂ ಮದುವೆಯಾಗಿರಲಿಲ್ಲ. ಆ ಹಾಡನ್ನು ಅವಳೂ ಮರೆತಿರಬೇಕು, ಬೆಲ್ಟ್ ಸಿಕ್ಕಿದ ಮೇಲೆ ಅವಳನ್ನೂ ಕರೆದುಕೊಂಡು ಬಾ.

ನಿನ್ನ
ಮಾವ