ಕುಡಿದು ವಾಹನ ಚಲಾಯಿಸಿದ ಪ್ರಕರಣ: ವಕಾಲತ್ತಿಗೆ ಸಹಿ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಡಿಸೆಂಬರ್ 31ರ ರಾತ್ರಿಯಿರಲಿ, ಹೋಳಿಯಿರಲಿ, ಮುಂಬಯಿಯಲ್ಲಿ ನಾಕಾಬಂದಿ ನಡೆದ ಮರುದಿನ ಬೆಳಗ್ಗೆ ಇಲ್ಲಿನ ಕನ್ನಡ ಸಂಘಗಳ ಪದಾಧಿಕಾರಿಗಳಿಗೂ ಹೋಟೆಲ್ ಮಾಲೀಕರಿಗೂ ಒಂದೇ ಬಗೆಯ ಫೋನುಗಳು ಬರತೊಡಗುತ್ತವೆ: ಹುಡುಗ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದಾನೆ, ಗೊತ್ತಿರುವ ವಕೀಲರಿದ್ದರೆ ಹೇಳಿ. ಉತ್ತರವಾಗಿ ಒಂದು ಮೊಬೈಲ್ ನಂಬರು ಹೋಗುತ್ತದೆ, ಜೊತೆಗೆ ‘ನಮ್ಮವರೇ, ಎಲ್ಲ ನೋಡಿಕೊಳ್ಳುತ್ತಾರೆ’ ಎಂಬ ಒಂದು ಮಾತು. ವಾಶಿ ಮಾರ್ಕೆಟ್ಟಿನಲ್ಲಿ ಈರುಳ್ಳಿಯನ್ನು ಒಂದೊಂದಾಗಿ ಒತ್ತಿನೋಡಿ ಕೊಳ್ಳುವ ನಮ್ಮ ಜನ, ವಕೀಲರನ್ನು ಮಾತ್ರ ಮುಖವನ್ನೂ ನೋಡದೆ ಗೊತ್ತುಮಾಡಿಬಿಡುತ್ತಾರೆ. ಕುಡಿದು ವಾಹನ ಚಲಾಯಿಸುವುದನ್ನು ಸಮರ್ಥಿಸುವ ಉದ್ದೇಶ ನನಗಿಲ್ಲ. ಅದು ಬೇರೆಯವರ ಪ್ರಾಣಕ್ಕೆ ಎರವಾಗುವ ಅಪರಾಧ. ಆದರೆ ಆರೋಪ ಬಂದ ಮೇಲೆ ವಕೀಲರನ್ನು ಆರಿಸುವ ನಮ್ಮ ರೀತಿಯಿಂದ, ಮುಖ್ಯವಾಗಿ ಚಾಲನೆಯನ್ನೇ ನಂಬಿ ಬದುಕುವ ಬಡ ಚಾಲಕರಿಗೆ, ಕಾನೂನು ವಿಧಿಸುವುದಕ್ಕಿಂತ ಹೆಚ್ಚಿನ ನಷ್ಟವಾಗುತ್ತಿದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಮೊದಲು, ಆರೋಪವೇನೆಂದು ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಅದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೊಮ್ಮೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗಿನ ಸೆರೆವಾಸ, ಇಲ್ಲವೆ 15,000 ರೂಪಾಯಿ ದಂಡ, ಇಲ್ಲವೆ ಎರಡೂ. ಸಿಗ್ನಲ್ ಮುರಿದವರಂತೆ ರಸ್ತೆಯಲ್ಲೇ ಚಲನ್ ಕಟ್ಟಿ ಮುಗಿಸಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇದು ಇಲ್ಲ, ನ್ಯಾಯಾಲಯಕ್ಕೆ ಹೋಗಲೇಬೇಕು. ಇದೆಲ್ಲಕ್ಕಿಂತ ನಮ್ಮ ಚಾಲಕರು ಮರೆಯುವುದು 20ನೇ ಕಲಮನ್ನು: ಅಪರಾಧ ಸಾಬೀತಾದರೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಲೈಸೆನ್ಸಿನಿಂದ ಅನರ್ಹಗೊಳಿಸುವ ಮಾತು ಅಲ್ಲಿದೆ. ಕಚೇರಿಗೆ ಲೋಕಲ್ ರೈಲಿನಲ್ಲಿ ಹೋಗುವವನಿಗೆ ಅದು ಕಿರಿಕಿರಿಯಷ್ಟೇ, ಆದರೆ ಟ್ಯಾಕ್ಸಿ, ಟೆಂಪೊ, ಶಾಲಾ ಬಸ್ಸು ಓಡಿಸುವವನಿಗೆ ಅರ್ಧ ವರ್ಷದ ಅನ್ನ.

ಇಂಥ ಒಂದು ಪ್ರಕರಣವನ್ನು ನಾನು ಹತ್ತಿರದಿಂದ ನೋಡಿದೆ. ಹೋಟೆಲೊಂದಕ್ಕೆ ಸಾಮಾನು ತರುವ ಟೆಂಪೊ ಚಾಲಕ, ಕುಂದಾಪುರ ಕಡೆಯ ಹುಡುಗ, ಉಪನಗರದ ನ್ಯಾಯಾಲಯವೊಂದರ ಗೇಟಿನ ಬಳಿ ಕಾಗದ ಹಿಡಿದು ನಿಂತಿದ್ದ. ಕಪ್ಪು ಕೋಟೂ ಇಲ್ಲದ, ಬಿಳಿ ಬ್ಯಾಂಡೂ ಇಲ್ಲದ ಒಬ್ಬಾತ ಬಂದು ಆ ಕಾಗದವನ್ನು ಅರ್ಧ ನಿಮಿಷ ತಿರುಗಿಸಿ ನೋಡಿ, ಟೈಪಿಸ್ಟನ ಮೇಜಿನ ಮೇಲಿಟ್ಟು, ಸ್ಟಾಂಪು ಅಂಟಿಸಿದ ವಕಾಲತ್ತುನಾಮೆಯೊಂದನ್ನು (ವಕೀಲರನ್ನು ನೇಮಿಸಿಕೊಳ್ಳುವ ಪತ್ರ) ಮುಂದೆ ತಳ್ಳಿದ. ಅದರಲ್ಲಿ ವಕೀಲರ ಹೆಸರಿನ ಜಾಗ ಖಾಲಿಯಿತ್ತು. ‘ಇಲ್ಲಿ ಸಹಿ ಮಾಡು, ಒಳಗೆ ಹೋಗಿ ಗುನ್ಹಾ ಕಬೂಲ್ (ತಪ್ಪು ಒಪ್ಪಿದೆ) ಅನ್ನು, ದಂಡ ಬೇರೆ, ನನ್ನದು ಬೇರೆ’ ಎಂದು ಹಿಂದಿಯಲ್ಲಿ ಹೇಳಿದ್ದಷ್ಟೇ ಆತನ ಕಾನೂನು ಸಲಹೆ. ಕಟಕಟೆಯಲ್ಲಿ ನಿಂತು ಹೇಳುವ ಆ ಎರಡು ಶಬ್ದಗಳಿಂದ ತಾನು ಶಿಕ್ಷೆಗೊಳಗಾದ ಅಪರಾಧಿಯೆಂದು ದಾಖಲಾಗುತ್ತದೆ, ಇನ್ನೊಮ್ಮೆ ಸಿಕ್ಕಿದರೆ ಎರಡನೇ ಸಲದ ಶಿಕ್ಷೆ ಕಾದಿರುತ್ತದೆ, ಮುಂದೆ ಗಲ್ಫಿಗೆ ಚಾಲಕನಾಗಿ ಹೋಗಹೊರಟಾಗ ಪೊಲೀಸ್ ಪರಿಶೀಲನೆಯಲ್ಲಿ ಇದು ಅಡ್ಡ ಬರಬಹುದು ಎಂದು ಹುಡುಗನಿಗೆ ಯಾರೂ ಹೇಳಿರಲಿಲ್ಲ. ತಪ್ಪೊಪ್ಪಿಕೊಳ್ಳುವುದೇ ಸರಿಯಾದ ದಾರಿಯಾಗಿರುವ ಪ್ರಕರಣಗಳು ಬೇಕಾದಷ್ಟಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಕಾಗದಪತ್ರ ಓದಿದ ಮೇಲೆ, ಪರಿಣಾಮ ತಿಳಿದ ಮೇಲೆ ಆಗಬೇಕಾದ ತೀರ್ಮಾನ.

ಒಳ್ಳೆಯ ವಕೀಲರ ಗುರುತು ನನ್ನ ಮಟ್ಟಿಗೆ ಇಷ್ಟೇ: ಅವರು ಮೊದಲು ಶುಲ್ಕ ಹೇಳುವುದಿಲ್ಲ, ಕಾಗದ ಕೇಳುತ್ತಾರೆ. ಉಸಿರಿನ ಪರೀಕ್ಷೆಯ ಯಂತ್ರದಿಂದ ಬಂದ ಚೀಟಿ ಎಲ್ಲಿ, ಅದರಲ್ಲಿ ಸಮಯ ಎಷ್ಟು ಬಿದ್ದಿದೆ, ಯಂತ್ರದ ಸಂಖ್ಯೆ ಇದೆಯೇ, ಸಹಿ ಯಾರದು. ಬಂಧಿಸಿದ್ದು ಎಷ್ಟು ಹೊತ್ತಿಗೆ, ಆಸ್ಪತ್ರೆಗೆ ಕರೆದೊಯ್ದದ್ದು ಎಷ್ಟು ಹೊತ್ತಿಗೆ. ರಕ್ತ ತೆಗೆದಿದ್ದರೆ ಸೀಸೆಗೆ ಎದುರಿನಲ್ಲೇ ಸೀಲು ಹಾಕಿದರೇ, ಕಲೀನಾದ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂದಿದೆಯೇ. ಲೈಸೆನ್ಸ್ ತೆಗೆದುಕೊಂಡದ್ದಕ್ಕೆ ರಸೀದಿ ಕೊಟ್ಟಿದ್ದಾರೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ಈ ಪ್ರಶ್ನೆಗಳಿಗೆಲ್ಲ ಕಾನೂನಿನಲ್ಲಿ ಕಾರಣವಿದೆ. ಬಂಧಿತನನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸದಿದ್ದರೆ ಬಿಡುಗಡೆ ಮಾಡಬೇಕೆಂದು 202ನೇ ಕಲಮು ಹೇಳುತ್ತದೆ. ಆದರೆ ಅದು ಬಂಧನದಿಂದ ಬಿಡುಗಡೆಯೇ ಹೊರತು ಪ್ರಕರಣದಿಂದಲ್ಲ. ‘ಎರಡು ಗಂಟೆ ದಾಟಿದೆ, ಕೇಸು ಬಿದ್ದುಹೋಯಿತು’ ಎಂದು ಆಸೆ ಹುಟ್ಟಿಸುವ ವಕೀಲರ ಬಗ್ಗೆ ಅಲ್ಲಿಯೇ ಎಚ್ಚರವಾಗಬೇಕು. ಹಾಗೆಯೇ ಬಾಯಿಯ ವಾಸನೆ, ತೂರಾಡುವ ನಡಿಗೆ ಮಾತ್ರ ಸಾಲದು, ರಕ್ತ ಅಥವಾ ಮೂತ್ರದ ಪರೀಕ್ಷೆಯೂ ಇರಬೇಕಿತ್ತು ಎಂದು 1971ರಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ್ದೇ ಒಂದು ಪ್ರಕರಣದಲ್ಲಿ ಹೇಳಿದೆ. ಅದನ್ನು ನೆಚ್ಚಿಕೊಂಡು ‘ಊದಲೇ ಬೇಡ, ಪುರಾವೆಯೇ ಇರುವುದಿಲ್ಲ’ ಎಂದು ಸಲಹೆ ಕೊಡುವ ಜಾಣರಿದ್ದಾರೆ. ಸಕಾರಣವಿಲ್ಲದೆ ಪರೀಕ್ಷೆ ನಿರಾಕರಿಸಿದರೆ ಆ ನಿರಾಕರಣೆಯನ್ನೇ ಆರೋಪಿಯ ವಿರುದ್ಧ ಪುರಾವೆಗೆ ಪೂರಕವಾಗಿ ಬಳಸಲು 205ನೇ ಕಲಮಿನಲ್ಲಿ ಅವಕಾಶವಿದೆ ಎಂಬುದನ್ನು ಅವರು ಓದಿದಂತಿಲ್ಲ.

ಇನ್ನು ‘ನಮ್ಮವರು’ ಎಂಬ ಅರ್ಹತೆಯ ವಿಚಾರ. ಮುಂಬಯಿಯ ನ್ಯಾಯಾಲಯಗಳಲ್ಲಿ ಹೆಸರು ಮಾಡಿದ ಕನ್ನಡಿಗ, ತುಳು ವಕೀಲರು ಅನೇಕರಿದ್ದಾರೆ, ಅವರ ಮೇಲೆ ನನಗೆ ಅಭಿಮಾನವೇ ಇದೆ. ದೋಷಾರೋಪದ ಕಾಗದಗಳು ಮರಾಠಿಯಲ್ಲಿರುವಾಗ ಅವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಸಿಗುವುದು ಸಣ್ಣ ಅನುಕೂಲವಲ್ಲ. ಆದರೆ ಆಸ್ತಿ ಪಾಲು, ಹೋಟೆಲಿನ ಭಾಗೀದಾರಿಕೆ, ಹೌಸಿಂಗ್ ಸೊಸೈಟಿಯ ತಕರಾರುಗಳಲ್ಲಿ ನುರಿತವರನ್ನು ಊರಿನವರೆಂಬ ದಾಕ್ಷಿಣ್ಯಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದು ಅವರಿಗೂ ಮುಜುಗರ, ಕಕ್ಷಿದಾರನಿಗೂ ನಷ್ಟ. ಆ ನ್ಯಾಯಾಲಯದಲ್ಲಿ ಇಂಥ ಪ್ರಕರಣಗಳನ್ನು ದಿನಾ ನಡೆಸುವವರು ಯಾರೆಂದು ಕೇಳಿ ತಿಳಿಯಬೇಕು. ದಿನಾಂಕದ ದಿನ ತಾವೇ ಬರುತ್ತೀರೋ, ಜೂನಿಯರನ್ನು ಕಳಿಸುತ್ತೀರೋ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಲು ಸಂಕೋಚವೇಕೆ? ವಕೀಲರು ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲಿನ ಸನದು (ವಕೀಲಿಯ ಪರವಾನಗಿ) ಸಂಖ್ಯೆ ಹೇಳಬಲ್ಲವರಾಗಿರಬೇಕು. ಪ್ರಕರಣದ ಸಿಎನ್‌ಆರ್ ಸಂಖ್ಯೆಯನ್ನು (ಪ್ರತಿ ಪ್ರಕರಣಕ್ಕೂ ಇರುವ ಗುರುತಿನ ಸಂಖ್ಯೆ) ಕೇಳಿ ಇಟ್ಟುಕೊಂಡರೆ, ಮುಂದಿನ ದಿನಾಂಕ ಯಾವುದು, ಹಿಂದಿನ ಸಲ ಏನಾಯಿತು ಎಂಬುದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಆರೋಪಿಯೇ ನೋಡಿಕೊಳ್ಳಬಹುದು, ಯಾರ ಬಾಯಿಮಾತನ್ನೂ ಕಾಯಬೇಕಿಲ್ಲ.

ಗೆದ್ದರೆ ಮಾತ್ರ ಹಣ ಕೊಡಿ ಎನ್ನುವ ಒಪ್ಪಂದವನ್ನೂ, ದಲ್ಲಾಳಿಗಳ ಮೂಲಕವೋ ಜಾಹೀರಾತಿನ ಮೂಲಕವೋ ಕೇಸು ಹಿಡಿಯುವುದನ್ನೂ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳು ನಿಷೇಧಿಸಿವೆ. ಆದ್ದರಿಂದ ಮೊಬೈಲಿನಲ್ಲಿ ‘ನೂರಕ್ಕೆ ನೂರು ಬಿಡುಗಡೆ’ ಎಂದು ಕಾಣುವ ಜಾಹೀರಾತು, ಅದನ್ನು ಹಾಕಿದವರು ನಿಯಮಕ್ಕೆ ಎಷ್ಟು ಬೆಲೆ ಕೊಡುತ್ತಾರೆಂಬುದನ್ನು ತಾನೇ ಹೇಳುತ್ತದೆ.

‘ಸೆಟ್ಟಿಂಗ್’ ಮಾಡಿಸುತ್ತೇನೆ, ಅಂದರೆ ಹಣ ಕೊಟ್ಟು ಒಳಗೊಳಗೇ ಕೇಸು ಮುಗಿಸುತ್ತೇನೆ ಎನ್ನುವವರ ವಿಚಾರವನ್ನು ಇನ್ನೂ ಕಟುವಾಗಿ ಹೇಳಬೇಕು. 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಷೆ ಕಾರು ಡಿಕ್ಕಿಯಾಗಿ ಇಬ್ಬರು ಸತ್ತಾಗ, ರಕ್ತದ ಮಾದರಿ ಬದಲಿಸಿದ ಆರೋಪದ ಮೇಲೆ ಸಸೂನ್ ಆಸ್ಪತ್ರೆಯ ವೈದ್ಯರೂ ಚಾಲಕನ ತಂದೆತಾಯಿಯೂ ಬಂಧಿತರಾದದ್ದನ್ನು ಎಲ್ಲರೂ ಓದಿದ್ದೇವೆ. ಹಣವಿದ್ದವರ ಮನೆಯವರೇ ಹಾಗೆ ಜೈಲು ಕಂಡಿರುವಾಗ, ಟೆಂಪೊ ಚಾಲಕನ ಅಣ್ಣ ಸಾಲ ಮಾಡಿ ತಂದ ಹಣ ‘ಸೆಟ್ಟಿಂಗ್’ ಹೆಸರಿನಲ್ಲಿ ಎಲ್ಲಿಗೆ ಹೋಗುತ್ತದೆಂದು ಊಹಿಸುವುದು ಕಷ್ಟವಲ್ಲ. ಅಪಘಾತವಾಗಿ ಯಾರಾದರೂ ಸತ್ತಿದ್ದರಂತೂ ಅದು 185ನೇ ಕಲಮಿನ ಚಿಲ್ಲರೆ ಪ್ರಕರಣವಾಗಿ ಉಳಿಯುವುದೇ ಇಲ್ಲ. 2006ರಲ್ಲಿ ಬಾಂದ್ರಾದ ಕಾರ್ಟರ್ ರೋಡಿನಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದ ಏಳು ಮಂದಿ ಕಾರಿಗೆ ಸಿಲುಕಿ ಸತ್ತ ಪ್ರಕರಣದಲ್ಲಿ ಕೆಳ ನ್ಯಾಯಾಲಯ ಕೊಟ್ಟ ಆರು ತಿಂಗಳ ಶಿಕ್ಷೆಯನ್ನು ಹೈಕೋರ್ಟು ಮೂರು ವರ್ಷಕ್ಕೇರಿಸಿತು, 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಂಥ ಪ್ರಕರಣಕ್ಕೆ ಸೆಷನ್ಸ್ ನ್ಯಾಯಾಲಯದಲ್ಲಿ ವಾದಿಸಿ ಪಳಗಿದವರು ಬೇಕು, ಅದೂ ಮೊದಲ ದಿನದಿಂದಲೇ.

ಹಣವಿಲ್ಲದವರಿಗೂ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಆದಾಯ ಕಡಿಮೆಯಿರುವವರು ಉಚಿತವಾಗಿ ವಕೀಲರನ್ನು ಪಡೆಯಬಹುದು, ಸಹಾಯವಾಣಿ 15100. ಯಕ್ಷಗಾನಕ್ಕೂ ವಾರ್ಷಿಕೋತ್ಸವಕ್ಕೂ ಸಭಾಂಗಣ ತುಂಬಿಸಬಲ್ಲ ನಮ್ಮ ಸಂಘಗಳು, ಕ್ರಿಮಿನಲ್ ಪ್ರಕರಣ ನಡೆಸಿ ಅನುಭವವಿರುವ ಸದಸ್ಯ ವಕೀಲರ ಹೆಸರು, ಅವರು ಕೆಲಸ ಮಾಡುವ ನ್ಯಾಯಾಲಯ, ಸನದು ಸಂಖ್ಯೆಗಳನ್ನು ಸೇರಿಸಿ ಒಂದು ಪಟ್ಟಿ ಮಾಡಿ ಕಚೇರಿಯಲ್ಲಿ ಇಡಬಹುದು. ಪದಾಧಿಕಾರಿಗಳು ತಮ್ಮ ಮೊಬೈಲಿನಿಂದ ಒಂದೇ ನಂಬರು ಹುಡುಕಿ ಕೊಡುವ ಬದಲು ಆ ಪಟ್ಟಿಯನ್ನು ಮುಂದಿಟ್ಟು, ಇಬ್ಬರು ಮೂವರನ್ನು ಕಂಡು ಮಾತನಾಡಿ ಆರಿಸಿಕೊಳ್ಳಿ ಎನ್ನಬಹುದು. ಯಾವುದಾದರೂ ಸಂಘ ಇದಕ್ಕೆ ಮುಂದಾದರೆ, ಪಟ್ಟಿ ಎಲ್ಲಿ, ಯಾವ ವೇಳೆಯಲ್ಲಿ ನೋಡಲು ಸಿಗುತ್ತದೆ ಎಂಬುದನ್ನು ತಾವು ಸ್ಥಳೀಯ ಸುದ್ದಿಯ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಬ್ಯಾಂಕ್ ಉದ್ಯೋಗಿ, ಮುಲುಂಡ್, ಮುಂಬಯಿ